ಇಪ್ಪತ್ತೈದು ಡಾಲರಿನ ನೋಟಿನ ಮೇಲಿದ್ದ ಕುಂಕುಮ

ಸಿಂಗಾಪುರದಲ್ಲಿ ಒಂದು ಕಾಲಕ್ಕೆ ಇಪ್ಪತ್ತೈದು ಡಾಲರಿನ ನೋಟು ಚಲಾವಣೆಯಲ್ಲಿತ್ತು ಎಂದರೆ ಇಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಗಳೂ ನಂಬುವುದಿಲ್ಲ. ದೇಶ ಸ್ವತಂತ್ರವಾದ ಮೇಲೆ ಮೊದಲು ಅಚ್ಚಾದ ನೋಟುಗಳ ಮೇಲೆಲ್ಲ ಆರ್ಕಿಡ್ ಹೂಗಳಿದ್ದವು. ಆಮೇಲಿನವುಗಳ ಮೇಲೆ ಹಕ್ಕಿ, ಅದಾದ ಮೇಲೆ ಹಡಗು. ಇಪ್ಪತ್ತೈದರ ನೋಟು ಇದ್ದದ್ದು ಆರ್ಕಿಡ್ ಸರಣಿಯಲ್ಲಿ ಮಾತ್ರ. ಹಕ್ಕಿಯ ನೋಟುಗಳು ಬಂದಾಗ ಅದರ ಬದಲು ಇಪ್ಪತ್ತರದ್ದು ಬಂತು. ಹೂವಿನ ಆ ನೋಟೊಂದು ನಮ್ಮ ಮನೆಯಲ್ಲಿದೆ. ಅದರ ಬಗ್ಗೆ ನಾನೇ ನೋಡಿದ್ದನ್ನೂ ಇತರರು ಹೇಳಿ ಕೇಳಿದ್ದನ್ನೂ ಬೆರೆಸದೆ ಬರೆಯುತ್ತೇನೆ. ಪತ್ರಿಕೆಯ ಡೆಸ್ಕಿನಲ್ಲಿ ಇಷ್ಟು ವರ್ಷ ಮಾಡಿದ ಕೆಲಸ ಅದೇ.

ಕೇಳಿದ್ದು ಹೀಗೆ. ನನ್ನ ಮಾವನವರು ಎಪ್ಪತ್ತರ ದಶಕದಲ್ಲಿ ಹಡಗು ರಿಪೇರಿಯ ಕಂಪನಿಯೊಂದರ ಕೆಲಸಕ್ಕಾಗಿ ಮೈಸೂರಿನಿಂದ ಇಲ್ಲಿಗೆ ಬಂದರು. ಅತ್ತೆ ಮೈಸೂರಿನಲ್ಲೇ ಉಳಿದಿದ್ದರು. ಕರಾರು ಮುಗಿಸಿ ಹಿಂತಿರುಗಿದ ಮಾವನವರ ಪೆಟ್ಟಿಗೆಯಲ್ಲಿ ಒಂದು ಟೇಪ್ ರೆಕಾರ್ಡರ್, ಎರಡು ನೈಲಾನ್ ಸೀರೆ ಇದ್ದವು. ಅಂಗಿಯ ಜೇಬಿನಲ್ಲಿ ಖರ್ಚಾಗದೆ ಉಳಿದ ಒಂದು ಇಪ್ಪತ್ತೈದು ಡಾಲರಿನ ನೋಟಿತ್ತು. ಬ್ಯಾಂಕಿಗೆ ಕೊಟ್ಟು ರೂಪಾಯಿ ಮಾಡಿಸೋಣ ಎಂದರೆ ಅತ್ತೆ ಬಿಡಲಿಲ್ಲವಂತೆ. "ಅಷ್ಟು ದೂರದಿಂದ ಮನೆಗೆ ಬಂದಿರೋ ಲಕ್ಷ್ಮೀನ ಬಾಗಿಲಲ್ಲೇ ವಾಪಸ್ ಕಳಿಸ್ತೀರಾ?" ಎಂದು ಕೇಳಿ ಅದನ್ನು ದೇವರ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಮುಂದಿನದು ನಾನು ನೋಡಿದ್ದು. ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದ ಮುಂದೆ ಬೆಳ್ಳಿ ತಟ್ಟೆಯಲ್ಲಿ ಒಂದಿಷ್ಟು ನಾಣ್ಯ, ನೋಟು, ಮನೆಯ ಬಂಗಾರ ಇಟ್ಟು ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಅಲ್ಲಿಟ್ಟ ಎಲ್ಲದಕ್ಕೂ ಅರಿಶಿನ ಕುಂಕುಮ ಹಚ್ಚಬೇಕು. ಅತ್ತೆ ಈ ನೋಟಿಗೂ ಹಚ್ಚುತ್ತಿದ್ದರು. ಪ್ರತಿ ವರ್ಷವೂ ಒಂದೇ ಜಾಗಕ್ಕೆ, ಪಕ್ಕದಲ್ಲಿ ಚಿತ್ರವಿಲ್ಲದೆ ಖಾಲಿ ಬಿಟ್ಟ ಬಿಳಿಯ ಭಾಗಕ್ಕೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಗುರುತು ಒಂದರ ಮೇಲೊಂದು ಕೂತು ದಪ್ಪವಾಗಿತ್ತು. ಸುತ್ತ ಹಳದಿ, ನಡುವೆ ಕೆಂಪು, ಆ ಕೆಂಪಿನೊಳಗೆ ಬೆರಳಿನ ಗೆರೆಗಳು. ಅತ್ತೆ ಅಂಗಡಿಯ ಕಡುಗೆಂಪು ಪುಡಿಯನ್ನು ಮುಟ್ಟುತ್ತಿರಲಿಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮವೇ ಆಗಬೇಕು, ಮೈಸೂರಿನಿಂದಲೇ ಬರಬೇಕು.

ಮಾವನವರು ತೀರಿಹೋದ ಮೇಲೆ ಅತ್ತೆ ಇಲ್ಲಿಯ ಬೆಡೋಕ್‌ನಲ್ಲಿ ನಮ್ಮ ಜೊತೆ ಇರಲು ಬಂದರು. ಬಳೆ, ಕುಂಕುಮ, ಹಬ್ಬ ಯಾವುದನ್ನೂ ಅವರು ಬಿಟ್ಟಿರಲಿಲ್ಲ. ನೋಟು ಅವರ ಪರ್ಸಿನಲ್ಲಿ, ಅರಿಶಿನದ ಪೊಟ್ಟಣದ ಪಕ್ಕದಲ್ಲಿ, ತಾನು ಚಲಾವಣೆಯಲ್ಲಿದ್ದ ಊರಿಗೆ ವಾಪಸ್ ಬಂತು. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಮನೆ ಹತ್ತಿರ ತಿಂಡಿ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರ್‌ನಲ್ಲಿ ಕಾಫಿ ಕುಡಿಯುವಾಗ ಅತ್ತೆ ಅದನ್ನು ತೆಗೆದು ನನ್ನ ಕೈಗಿಟ್ಟರು.

"ಇದು ಇಲ್ಲಿ ಇನ್ನೂ ಓಡತ್ತಾ, ಕೇಳು."

ಓಡುತ್ತದೆ. ಇಲ್ಲಿಯ ಹಳೆಯ ನೋಟುಗಳು ಈಗಲೂ ಮುಖಬೆಲೆಗೆ ಸಲ್ಲುತ್ತವೆ. ಆದರೆ ಕಾಫಿ ಅಂಗಡಿಯ ಅಂಕಲ್ ಅದನ್ನು ಎತ್ತಿ ಹಿಡಿದು ಹೆಂಡತಿಯನ್ನು ಕೂಗಿ ಕರೆದ. ಪಕ್ಕದ ಅಂಗಡಿಯವನೂ ಬಂದ. ಮೂವರೂ ಫೋನಿನಲ್ಲಿ ಚಿತ್ರ ತೆಗೆದುಕೊಂಡರು.

"ಆಂಟಿ, ಡೋಂಟ್ ಸ್ಪೆಂಡ್ ಲಾ! ಕೀಪ್, ಕೀಪ್!" ಎಂದು ಅಂಕಲ್ ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿ ನೋಟನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟ. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

"ನೋಡ್ದ್ಯಾ," ಎಂದರು ಅತ್ತೆ ದಾರಿಯಲ್ಲಿ. "ಲಕ್ಷ್ಮೀನ ಜೊತೇಲಿ ಕರ್ಕೊಂಡು ಹೋದ್ರೆ ಕಾಫಿ ಪುಗಸಟ್ಟೆ."

ಈ ಪ್ರಸಂಗವನ್ನು ಊಟದ ಹೊತ್ತಿಗೆ ಕೇಳಿದ ನನ್ನ ಗಂಡ ನಗಲಿಲ್ಲ. ನೋಟನ್ನು ದೀಪದ ಕೆಳಗೆ ಹಿಡಿದು ನೋಡಿದರು. ಅವರು ಇಲ್ಲಿಯ ಟೆಕ್ ಬಡಾವಣೆ ಒನ್-ನಾರ್ತ್‌ನ ಕಂಪನಿಯೊಂದರಲ್ಲಿ ಎಂಜಿನಿಯರ್. ಉಪಕರಣಗಳನ್ನು ಪರೀಕ್ಷಿಸಿ ದೋಷ ಹುಡುಕುವುದು ಅವರ ಕೆಲಸ. ಹಳೆಯ ನೋಟು ಕೂಡಿಡುವ ಅವರ ಹವ್ಯಾಸ ಶುರುವಾದದ್ದು ಆ ಊಟದ ಮೇಜಿನಲ್ಲಿ. ಒಂದೆರಡು ವರ್ಷದಲ್ಲಿ ನಮ್ಮ ಮನೆಯ ಕಪಾಟಿನಲ್ಲಿ ಆರ್ಕಿಡ್, ಹಕ್ಕಿ, ಹಡಗು ಮೂರೂ ಸರಣಿಯ ಆಲ್ಬಮ್‌ಗಳು ಸಾಲಾಗಿ ನಿಂತವು.

ನೋಟು ನೋಡುವ ಬಗೆಯನ್ನು ಅವರಿಂದಲೇ ಕಲಿತೆ. ಮೊದಲು ಬೆಳಕಿಗೆ ಹಿಡಿದು ಕಾಗದದ ಒಳಗಿರುವ ಸಿಂಹದ ತಲೆ ಕಾಣುತ್ತದೆಯೇ ನೋಡಬೇಕು. ಆಮೇಲೆ ಸಹಿ ಯಾರದು, ಸಹಿಯ ಹತ್ತಿರ ಕೆಂಪು ಮುದ್ರೆ ಇದೆಯೇ ಇಲ್ಲವೇ, ಸಂಖ್ಯೆಯ ಮುಂದಿನ ಅಕ್ಷರ ಯಾವುದು. ಒಂದೇ ಹೂವಿನ ಒಂದೇ ಬೆಲೆಯ ಎರಡು ನೋಟುಗಳಲ್ಲಿ ಒಂದು ಸಾಮಾನ್ಯದ್ದು, ಇನ್ನೊಂದು ಅಪರೂಪದ್ದು ಎಂದು ಬೇರೆಯಾಗುವುದು ಇಲ್ಲೇ. ಕೊನೆಗೆ ಸ್ಥಿತಿ. ಮಡಿಕೆ ಎಷ್ಟು, ಮೂಲೆ ಚೂಪಾಗಿದೆಯೇ ಸವೆದಿದೆಯೇ, ಮೇಲೆ ಯಾರಾದರೂ ಬರೆದಿದ್ದಾರೆಯೇ. ಭಾರತದ ಹಳೆಯ ನೋಟುಗಳನ್ನು ದೂರದಿಂದಲೇ ಗುರುತಿಸಬಹುದು ಎಂದು ಇಲ್ಲಿಯ ಸಂಗ್ರಾಹಕರು ನಗುತ್ತಾರೆ. ಬ್ಯಾಂಕಿನವರು ಕಂತೆ ಕಟ್ಟಿ ಹೊಡೆದ ಪಿನ್ನಿನ ತೂತುಗಳು ಅವುಗಳಲ್ಲಿ ಇದ್ದೇ ಇರುತ್ತವೆ.

ಒಂದು ಭಾನುವಾರ ಅವರು ಭೂತಗನ್ನಡಿ ಹಿಡಿದು ಅಮ್ಮನ ನೋಟನ್ನೇ ಪರೀಕ್ಷೆಗೆ ಕೂರಿಸಿಕೊಂಡಿದ್ದರು.

"ಮೂಲೆ ನಾಲ್ಕೂ ಚೂಪು. ನಡುವೆ ಒಂದೇ ಮಡಿಕೆ. ತೂತಿಲ್ಲ. ಕಾಗದ ಇನ್ನೂ ಗರಿಗರಿ. ಇದೊಂದು ಕಲೆ ಇಲ್ದೇ ಇದ್ದಿದ್ರೆ…"

ಅತ್ತೆ ಸೋಫಾದಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. "ಹೆಣ್ಣು ನೋಡಕ್ಕೆ ಹೋದಾಗ್ಲೂ ನೀನು ಇಷ್ಟು ಹತ್ರದಿಂದ ನೋಡಿರ್ಲಿಲ್ಲ ಕಣೋ," ಎಂದರು. "ಕಲೆ ಅಂತೆ ಕಲೆ. ಅದು ಕುಂಕುಮ."

ನನ್ನ ಗಂಡನಿಗೆ ಒಬ್ಬಳು ತಂಗಿ ಇದ್ದಾಳೆ. ಅವಳೂ ಗಂಡನ ಜೊತೆ ಸಿಂಗಾಪುರದಲ್ಲೇ ಇದ್ದಳು, ಬಾಡಿಗೆ ಮನೆಗಳಲ್ಲಿ. ಕರಾರು ಮುಗಿದಾಗಲೆಲ್ಲ ಮಾಲೀಕರು ಬಾಡಿಗೆ ಏರಿಸುತ್ತಿದ್ದರು, ಅವಳು ಮತ್ತೆ ರಟ್ಟಿನ ಡಬ್ಬ ಹುಡುಕಿಕೊಂಡು ಹೊರಡುತ್ತಿದ್ದಳು. ಹಾಗೊಮ್ಮೆ ಶಿಫ್ಟ್ ಆಗುವ ಮುಂಚೆ ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಅತ್ತಳು. ನಾನು ಅಲ್ಲೇ ಇದ್ದೆ. ನನ್ನ ಗಂಡ ಬಾಲ್ಕನಿಯಲ್ಲಿ ಆಫೀಸಿನ ಫೋನಿನಲ್ಲಿದ್ದರು.

ಅತ್ತೆ ಒಳಗೆ ಹೋಗಿ ನೋಟು ತಂದು ಅವಳಿಗೆ ತೋರಿಸಿದರು. "ನಿಂದು ಅಂತ ಒಂದು ಸ್ವಂತ ಮನೆ ಆಗ್ಲಿ. ಆ ಮನೇಲಿ ಮೊದಲನೇ ವರಮಹಾಲಕ್ಷ್ಮಿಗೆ ಇದನ್ನ ಕಲಶದ ಮುಂದೆ ಇಟ್ಕೋ. ಆಮೇಲೆ ಇದು ನಿನ್ನ ಹತ್ರಾನೇ ಇರ್ಲಿ."

"ನನಗೆ ನೋಟು ಯಾಕಮ್ಮ?" ಎಂದಳು ನಾದಿನಿ, ಮೂಗು ಒರೆಸಿಕೊಂಡು. "ನಿನ್ನ ಕೈ ಕುಂಕುಮ ಇದೆಯಲ್ಲ ಇದರ ಮೇಲೆ, ನನಗೆ ಅಷ್ಟು ಸಾಕು."

ಅವಳಿಗೆ ಸ್ವಂತ ಮನೆ ಆಗುವ ಮುಂಚೆ ಅತ್ತೆ ತೀರಿಕೊಂಡರು. ಅವರ ಬೆಳ್ಳಿ, ಬಂಗಾರ, ರೇಷ್ಮೆ ಸೀರೆಗಳು ಮಗಳಿಗೆ ಹೋದವು. ನೋಟನ್ನು ಅವಳೇ ಅಣ್ಣನ ಕೈಗೆ ಕೊಟ್ಟು, "ಪದೇ ಪದೇ ಶಿಫ್ಟ್ ಮಾಡೋದ್ರಲ್ಲಿ ಎಲ್ಲಾದ್ರೂ ಕಳೆದುಹೋಗತ್ತೆ. ನೀನು ಇಂಥದ್ನೆಲ್ಲ ಚೆನ್ನಾಗಿ ಇಟ್ಕೋತೀಯ. ಮನೆ ಆದಾಗ ತಗೋತೀನಿ," ಎಂದಳು.

ಮನೆ ಆಯಿತು. ಕಲ್ಲಾಂಗ್‌ನಲ್ಲಿ, ನದಿಗೆ ಮುಖ ಮಾಡಿದ ಹಳೆಯ ಫ್ಲ್ಯಾಟ್. ಹಬ್ಬಕ್ಕೆ ಇನ್ನೂ ತಿಂಗಳುಗಟ್ಟಲೆ ಸಮಯವಿರುವಾಗಲೇ ಅವಳ ಫೋನ್ ಬಂತು. ಸ್ಪೀಕರ್‌ನಲ್ಲಿತ್ತು, ನಾನೂ ಕೇಳಿಸಿಕೊಂಡೆ.

"ಅಣ್ಣ, ಅಮ್ಮನ ನೋಟು. ಮರೀಬೇಡ."

"ಮರೀತೀನಾ? ಹೇಗೆ ತಂದ್ಕೊಡ್ತೀನಿ ನೋಡ್ತಿರು. ನಿನಗೆ ಸರ್ಪ್ರೈಸ್."

ಅವರ ಮನಸ್ಸಿನಲ್ಲಿದ್ದದ್ದು ಏನೆಂದು ಕೆಲವು ದಿನಗಳಲ್ಲಿ ತಿಳಿಯಿತು. ನೋಟುಗಳ ದರ್ಜೆ ಕಟ್ಟುವ ಕಂಪನಿಗಳು ವಿದೇಶದಲ್ಲಿವೆ. ಅವರಿಗೆ ನೋಟು ಕಳಿಸಿದರೆ ಅಸಲಿಯೋ ನಕಲಿಯೋ ನೋಡಿ, ಸ್ಥಿತಿಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಕವಚದಲ್ಲಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ ವಾಪಸ್ ಕಳಿಸುತ್ತಾರೆ. ಅಮ್ಮನ ನೋಟನ್ನು ಹಾಗೆ ಮಾಡಿಸಿ ತಂಗಿಗೆ ಕೊಡಬೇಕೆಂದು ಅವರ ಆಸೆ. ಮಾರುವ ಮಾತು ಅವರ ತಲೆಯಲ್ಲಿ ಎಂದೂ ಇರಲಿಲ್ಲ. ತನಗೆ ಗೊತ್ತಿರುವ ರೀತಿಯಲ್ಲಿ ಅತ್ಯುತ್ತಮವಾದುದನ್ನು ತಂಗಿಗೆ ಕೊಡಲು ಹೊರಟಿದ್ದರು. ಇದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸಬೇಕು.

ಕಳಿಸುವ ಮುಂಚೆ ಅವರು ನೋಟನ್ನು ಪರಿಚಯದ ವ್ಯಾಪಾರಿಯೊಬ್ಬನಿಗೆ ತೋರಿಸಲು ಹೋದರು. ಅವತ್ತು ನನಗೆ ರಜೆ, ಜೊತೆಗೆ ಹೋದೆ. ಹಳೆಯ ಶಾಪಿಂಗ್ ಸೆಂಟರ್ ಒಂದರ ಮೇಲಿನ ಮಹಡಿ. ಗಾಜಿನ ಪೆಟ್ಟಿಗೆಗಳ ಹಿಂದೆ ವಯಸ್ಸಾದ ಚೀನೀ ವ್ಯಾಪಾರಿ ಕೂತಿದ್ದ. ನೋಟನ್ನು ಚಿಮುಟದಲ್ಲಿ ಹಿಡಿದು ತಿರುಗಿಸಿ ನೋಡಿದ, ಕಾಗದ ಚೆನ್ನಾಗಿದೆ ಎಂದು ತಲೆಯಾಡಿಸಿದ. ಆಮೇಲೆ ಬಿಳಿಯ ಭಾಗದ ಮೇಲೆ ದೀಪ ಬಿಟ್ಟ. ಮಾತು ಇಂಗ್ಲಿಷಿನಲ್ಲಿತ್ತು.

"ಇದೇನು ಇದು? ಕರ್ರಿ ಸಾರು ಚೆಲ್ಲಿಕೊಂಡಿದ್ದೀರಾ?"

"ಕರ್ರಿ ಅಲ್ಲ. ಪೂಜೆ," ಎಂದರು ನನ್ನ ಗಂಡ, ಸ್ವಲ್ಪ ಗಡುಸಾಗಿ.

"ಪೂಜೆ ಆದರೂ ಕಲೆ ಕಲೆಯೇ ಲಾ."

ಅವನು ಒರಟನಲ್ಲ. ತಾಳ್ಮೆಯಿಂದ ವಿವರಿಸಿದ. ಈ ಕಲೆ ಇಲ್ಲದಿದ್ದರೆ ಮೇಲಿನ ದರ್ಜೆ ಸಿಗುತ್ತಿತ್ತು. ಕಲೆ ಇರುವುದರಿಂದ ಅಂಕ ಅರ್ಧಕ್ಕೆ ಇಳಿಯುತ್ತದೆ. ಹಾಗೆಂದು ತೊಳೆಯಬೇಡಿ. ತೊಳೆದರೆ ಕಾಗದದ ಮೈ ಬದಲಾಗುತ್ತದೆ, ಅವರಿಗೆ ಗೊತ್ತಾಗುತ್ತದೆ, ಆಗ ಇನ್ನೂ ಹಾಳು. ಹೀಗೇ ಕಳಿಸಿ, ಇಲ್ಲವೇ ಮನೆಯಲ್ಲಿಟ್ಟುಕೊಳ್ಳಿ.

ಬರುವಾಗ ಎಂಆರ್‌ಟಿ ರೈಲಿನಲ್ಲಿ ನನ್ನ ಗಂಡ, "ತೊಳೀಬೇಡಿ ಅಂದ, ಅಷ್ಟೇ," ಎಂದರು. ನಾನು ಅದನ್ನು ನಿರಾಸೆಯ ಮಾತು ಎಂದುಕೊಂಡೆ.

ಇನ್ನು ಮುಂದಿನದನ್ನು ನಾನು ನೋಡಿಲ್ಲ. ಅವರೇ ಆಮೇಲೆ ಹೇಳಿದ್ದು. ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ಒಂದು ವಿಷಯವಿದೆ. ಬಟ್ಟೆಗೆ ಅರಿಶಿನ ಹತ್ತಿದರೆ ಸೋಪಿನಲ್ಲಿ ತಿಕ್ಕಬಾರದು, ಬಿಸಿಲಿಗೆ ಹಾಕಬೇಕು. ತಿಕ್ಕಿದಷ್ಟೂ ಹೋಗದ ಬಣ್ಣವನ್ನು ಬಿಸಿಲು ತಾನಾಗಿಯೇ ತೆಗೆಯುತ್ತದೆ. ಅತ್ತೆ ಹಬ್ಬದ ಮಾರನೆಯ ದಿನ ಅರಿಶಿನ ಮೆತ್ತಿದ ಬಿಳಿ ಪಂಚೆ, ಟವೆಲುಗಳನ್ನು ಮೈಸೂರಿನಲ್ಲಿ ಹಿತ್ತಲಿನ ತಂತಿಗೆ, ಇಲ್ಲಿ ಅಡುಗೆಮನೆ ಕಿಟಕಿಯ ಹೊರಗಿನ ಬಿದಿರು ಗಳಕ್ಕೆ ಹಾಕುತ್ತಿದ್ದರು. ಸಂಜೆಗೆ ಅವು ಬೆಳ್ಳಗಾಗುತ್ತಿದ್ದವು. ಚಿಕ್ಕಂದಿನಿಂದ ಇದನ್ನು ಕಂಡ ಮಗನಿಗೆ ವ್ಯಾಪಾರಿಯ ಮಾತಿನಲ್ಲಿ ಒಂದು ದಾರಿ ಕಂಡಿತು. ನೀರು ಮುಟ್ಟಿಸಬಾರದು, ರಾಸಾಯನಿಕ ಮುಟ್ಟಿಸಬಾರದು. ಬಿಸಿಲು ತಾಗಿಸಬಾರದು ಎಂದು ಯಾರೂ ಹೇಳಿರಲಿಲ್ಲ.

ಫೋಟೋ ಚೌಕಟ್ಟಿನಿಂದ ತೆಗೆದ ಎರಡು ಗಾಜುಗಳ ನಡುವೆ ನೋಟನ್ನಿಟ್ಟು ಕಿಟಕಿಯ ಹತ್ತಿರ ಇಟ್ಟರು. ನಾನು ಆಫೀಸಿಗೆ ಹೋದ ಮೇಲೆ, ಅವರು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ. ಮೋಡ ಕವಿದರೆ ಹಾಲ್‌ನ ಕಿಟಕಿಗೆ ಸಾಗಿಸಿದರು. ಮೊದಲು ಹಳದಿ ಹೋಯಿತು. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಚಹಾದ ಕಲೆಯಂತಾಗಿ, ಕೊನೆಗೆ ಇಲ್ಲವಾಯಿತು. ಪುಡಿಯಾಗಿ ಉಳಿದಿದ್ದನ್ನು ಮೆತ್ತನೆಯ ಬ್ರಷ್ಷಿನಲ್ಲಿ ಗುಡಿಸಿದರು. ಅಂಗಡಿಯ ಕುಂಕುಮವಾಗಿದ್ದರೆ ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲವೇನೋ. ಅತ್ತೆಯದು ಅರಿಶಿನದ್ದೇ ಆದ್ದರಿಂದ ಬಿಸಿಲಿಗೆ ಪೂರ್ತಿ ಸೋತಿತು.

ವಿದೇಶಕ್ಕೆ ಹೋದ ನೋಟು ವಾಪಸ್ ಬಂದದ್ದು ಒಂದು ಶನಿವಾರ ಬೆಳಿಗ್ಗೆ, ಹಬ್ಬಕ್ಕೆ ಇನ್ನೇನು ವಾರವಿದೆ ಎನ್ನುವಾಗ. ನನ್ನ ಗಂಡ ನನ್ನನ್ನು ಮೇಜಿನ ಹತ್ತಿರ ಕರೆದು ಕೂರಿಸಿ, ಪ್ಯಾಕೆಟ್ ಬಿಚ್ಚಿ, ಪ್ಲಾಸ್ಟಿಕ್ ಕವಚವನ್ನು ನನ್ನ ಮುಂದೆ ಇಟ್ಟರು.

"ಅತ್ತೆ ಕುಂಕುಮ ಎಲ್ರೀ?" ಎಂದೆ.

"ಹೋಯ್ತು ನೋಡು! ಒಂದು ಚೂರೂ ಇಲ್ಲ. ನೀರಿಲ್ಲ, ಕೆಮಿಕಲ್ ಇಲ್ಲ, ಏನಿಲ್ಲ. ಬರೀ ಬಿಸಿಲು. ಅಮ್ಮನ ಟೆಕ್ನಿಕ್ಕೇ."

ಅವರ ಮುಖದಲ್ಲಿ ಅಷ್ಟು ಖುಷಿ ಇತ್ತು. ನಾನು ಅಭ್ಯಾಸಬಲದಿಂದ ಮೊದಲು ಚೀಟಿ ಓದಿದೆ. ಅಂಕ ಅವರು ಎಣಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಬಣ್ಣ ಮಾಸಿದೆ ಎಂದು ಷರಾ. ಬಿಸಿಲು ಅರಿಶಿನವನ್ನು ಮಾತ್ರ ಆರಿಸಿ ತೆಗೆದಿರಲಿಲ್ಲ. ಅವರ ಕ್ಯಾಟಲಾಗಿನಲ್ಲಿದ್ದ ಇಪ್ಪತ್ತೈದರ ಚಿತ್ರದ ಪಕ್ಕ ಇಟ್ಟು ನೋಡಿದೆವು. ಚಿತ್ರದ ಕಂದು ಗಾಢವಾಗಿತ್ತು, ನಮ್ಮದು ತೆಳುವಾಗಿತ್ತು.

"ತುಂಬಾ ಸ್ಟ್ರಿಕ್ಟ್ ಇವ್ರು. ಅಪೀಲ್ ಮಾಡ್ಬಹುದು," ಎಂದರು ಅವರು.

"ರೀ, ಅವಳು ಕೇಳಿದ್ದು ಇದನ್ನಲ್ಲ."

"ನೋಟು ಅಂತಲೇ ಅಂದ್ಲು ಫೋನಲ್ಲಿ. ನೀನೂ ಕೇಳಿಸ್ಕೊಂಡೆಯಲ್ಲ."

"ಅಮ್ಮನ ನೋಟು ಅಂದ್ಲು."

ಅತ್ತೆ ನೋಟು ತೋರಿಸಿದ ದಿನ ತಂಗಿ ಹೇಳಿದ ಮಾತನ್ನು ಆಗ ಅವರಿಗೆ ಹೇಳಿದೆ. ಅವತ್ತು ಬಾಲ್ಕನಿಯಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಅವರು ಕವಚವನ್ನು ಎತ್ತಿಕೊಂಡು ಖಾಲಿ ಬಿಳಿಯ ಭಾಗವನ್ನು ನೋಡಿದರು. ಕಪಾಟಿನಿಂದ ಭೂತಗನ್ನಡಿ ತಂದು ಮತ್ತೆ ನೋಡಿದರು. ಈ ಸಲ ಕಲೆ ಉಳಿದಿದೆಯೇ ಎಂದು ಹುಡುಕುತ್ತಿದ್ದರು. ಒಂದು ಗೆರೆಯಾದರೂ.

ಆಮೇಲೆ ಫೋಟೋ ಹುಡುಕಾಟ ನಡೆಯಿತು. ಕಳಿಸುವ ಮುಂಚೆ ಅವರು ನೋಟಿನ ಚಿತ್ರಗಳನ್ನು ತೆಗೆದಿದ್ದರು. ಸಂಖ್ಯೆಯದು, ಮುದ್ರೆಯದು, ನಾಲ್ಕು ಮೂಲೆಗಳದು. ಪೂರ್ತಿ ನೋಟಿನ ಚಿತ್ರಗಳೆಲ್ಲವೂ ಬಿಸಿಲಿಗಿಟ್ಟ ಮೇಲಿನವು. ಅದಕ್ಕೂ ಹಿಂದೆ ದೋಷವಿರುವ ಭಾಗವನ್ನು ಯಾರು ಚಿತ್ರ ತೆಗೆಯುತ್ತಾರೆ? ನನ್ನ ಫೋನಿನಲ್ಲಿ ಹಳೆಯ ಹಬ್ಬಗಳ ಫೋಟೋಗಳಿದ್ದವು. ಎಲ್ಲದರಲ್ಲೂ ಕಲಶ, ಸೀರೆ, ಹೂವು. ನೋಟು ಹೂವಿನ ಅಡಿಯಲ್ಲಿ. ಒಂದರಲ್ಲಿ ಮಾತ್ರ ತಟ್ಟೆಯಂಚಿನಲ್ಲಿ ಹಳದಿಯ ಒಂದು ಮಸುಕು ಇತ್ತು. ಅದು ನೋಟೋ ಸೇವಂತಿಗೆಯ ಎಸಳೋ ಹೇಳಲಾಗುತ್ತಿರಲಿಲ್ಲ.

ಕಾಫಿ ಅಂಗಡಿಯವರು ಅಂದು ತೆಗೆದುಕೊಂಡ ಚಿತ್ರ ನೆನಪಾಗಿ ಮಾರನೆಯ ದಿನ ಇಬ್ಬರೂ ಹೋದೆವು. ಆ ಅಂಗಡಿ ಬೇರೆಯವರ ಕೈಗೆ ಹೋಗಿ ಬಹಳ ಕಾಲವಾಗಿತ್ತು. ಅಂಕಲ್ ರಿಟೈರ್ ಆದರಂತೆ, ಫೋನ್ ನಂಬರ್ ಇಲ್ಲ ಎಂದರು.

ಅಂದು ಸಂಜೆ ನನ್ನ ಗಂಡ ದೇವರ ಮಂಟಪದ ಮುಂದೆ ನಿಂತಿದ್ದರು.

"ಅಮ್ಮನ ಕುಂಕುಮದ ಭರಣಿ ಇನ್ನೂ ಇದೆ ಅಲ್ವಾ?"

"ಇದೆ."

"ಈ ಪ್ಲಾಸ್ಟಿಕ್ ಬಿಚ್ಚಿ ನಾನೇ ಹಚ್ಚಿಬಿಟ್ರೆ? ಅದೇ ಕುಂಕುಮ. ಅದೇ ಜಾಗ. ನಾನು ಅವಳ ಮಗ ತಾನೇ."

"ಹಚ್ಚಿ. ಆದ್ರೆ ನೀವು ಹಚ್ಚಿದ್ದು ಅಂತ ನಿಮ್ಮ ತಂಗಿಗೆ ಹೇಳಿ."

ಅವರು ಭರಣಿಯ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚಿಟ್ಟರು. ಫೋನ್ ಮಾಡಿ ಮೊದಲೇ ಹೇಳಿಬಿಡಿ ಎಂದೆ. ಎದುರಿಗೇ ಹೇಳುತ್ತೇನೆ ಎಂದರು. ಆ ವಾರ ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟಿದ್ದನ್ನು ನಾನು ನೋಡಿದೆ.

ಹಬ್ಬದ ಶುಕ್ರವಾರ ಕಲ್ಲಾಂಗ್‌ಗೆ ಬೇಗನೆ ಹೋದೆವು. ಹೊಸ ಪೇಂಟಿನ ವಾಸನೆ ಇನ್ನೂ ಇತ್ತು, ಅದರ ಮೇಲೆ ಒಬ್ಬಟ್ಟಿನ ಹೂರಣದ ವಾಸನೆ. ನಾದಿನಿ ಕಲಶಕ್ಕೆ ಅತ್ತೆಯದೇ ಹಸಿರು ರೇಷ್ಮೆ ಉಡಿಸಿದ್ದಳು. ಮುಂದೆ ಅತ್ತೆಯ ಬೆಳ್ಳಿ ತಟ್ಟೆ. ಅದರಲ್ಲಿ ಒಂದು ಕಡೆ ನಾಣ್ಯ, ಬಳೆ. ನಡುವಿನ ಜಾಗ ಖಾಲಿ ಬಿಟ್ಟಿದ್ದಳು.

"ಎಲ್ಲಿ ಅಣ್ಣ, ನಿನ್ನ ಸರ್ಪ್ರೈಸ್?"

ಅವರು ಕವಚವನ್ನು ಅವಳ ಕೈಗೆ ಕೊಟ್ಟರು. ಅವಳು ಮುಂದೆ ನೋಡಿ, ಹಿಂದೆ ತಿರುಗಿಸಿ, ಮತ್ತೆ ಮುಂದೆ ನೋಡಿದಳು.

"ಚೆನ್ನಾಗಿದೆ. ಆದ್ರೆ ಇದು ನಿನ್ನ ಕಲೆಕ್ಷನ್‌ದು. ಅಮ್ಮಂದು ಎಲ್ಲಿ?"

"ಅದು ಅಮ್ಮಂದೇ."

"ಅಲ್ಲ ಅಣ್ಣ. ನನಗೆ ಗೊತ್ತಾಗಲ್ವಾ?"

"ನಂಬರ್ ನೋಡು. ಅದೇ ನಂಬರ್."

"ಅಮ್ಮನ ನೋಟಿನ ನಂಬರ್ ಯಾರಿಗೆ ಗೊತ್ತು?" ಎಂದು ನಕ್ಕಳು. ಅವರು ನಗಲಿಲ್ಲ. ಅವಳ ನಗು ಅಲ್ಲಿಗೇ ನಿಂತಿತು.

ಅವರು ಹೇಳಿದರು. ವ್ಯಾಪಾರಿ, ಗಾಜು, ಕಿಟಕಿ, ಏನನ್ನೂ ಬಿಡದೆ ಕ್ರಮವಾಗಿ ಹೇಳಿದರು.

"ಬಿಸಿಲಿಗೆ ಹಾಕ್ದೆ," ಎಂದಳು ಕೊನೆಗೆ.

"ಹೂಂ."

"ಟವೆಲ್ ಹಾಕಿದ ಹಾಗೆ."

"ಹೂಂ."

ಅವಳು ಬಾಲ್ಕನಿಯ ಬಾಗಿಲ ಹತ್ತಿರ ಹೋಗಿ ಕವಚವನ್ನು ಬೆಳಕಿಗೆ ಹಿಡಿದಳು. ಕುಂಕುಮವಿದ್ದ ಜಾಗದಲ್ಲಿ, ಕಾಗದದ ಒಳಗಿನಿಂದ, ಸಿಂಹದ ತಲೆ ಕಾಣಿಸಿತು. "ಇಲ್ಲೊಂದು ಸಿಂಹ ಇತ್ತಾ?" ಎಂದು ಕೇಳಿದಳು. ಅಷ್ಟು ವರ್ಷ ಅದೇ ನೋಟಿಗೆ ನಮಸ್ಕಾರ ಮಾಡಿದ್ದವಳು ಅದನ್ನು ನೋಡಿರಲಿಲ್ಲ. ಅಣ್ಣ ಮತ್ತೆ "ಹೂಂ" ಎಂದರು, ಅಷ್ಟೇ. ಬೇರೆ ಯಾವ ದಿನ ಯಾರು ಕೇಳಿದ್ದರೂ ಆ ನೀರುಗುರುತಿನ ಬಗ್ಗೆ ಅವರು ಅರ್ಧ ಗಂಟೆ ಮಾತಾಡುತ್ತಿದ್ದರು.

ಅವಳು ತನ್ನ ಉಂಗುರದ ಬೆರಳನ್ನು ಪ್ಲಾಸ್ಟಿಕ್ಕಿನ ಮೇಲೆ, ಆ ಜಾಗದಲ್ಲಿ ಇಟ್ಟಳು. "ಅಮ್ಮನ ಈ ಬೆರಳು ಇತ್ತು ಇಲ್ಲಿ."

"ಹೆಬ್ಬೆರಳು," ಎಂದರು ನನ್ನ ಗಂಡ.

"ಕುಂಕುಮ ಯಾರಾದ್ರೂ ಹೆಬ್ಬೆರಳಲ್ಲಿ ಇಡ್ತಾರಾ?"

"ಹಣೆಗೆ ಇಡಲ್ಲ. ನೋಟಿಗೆ ಒತ್ತುತಿದ್ಲು. ಎಷ್ಟು ಸಲ ನೋಡಿದೀನಿ ನಾನು ಭೂತಗನ್ನಡೀಲಿ."

"ನೀನು ಕಲೆ ನೋಡ್ತಿದ್ದೆ ಅಣ್ಣ. ಉಂಗುರದ ಬೆರಳೇ. ಅತ್ತಿಗೆ, ನೀವು ಹೇಳಿ, ನೀವೂ ಪ್ರತಿ ವರ್ಷ ಪಕ್ಕದಲ್ಲೇ ಇರ್ತಿದ್ರಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಕಣ್ಣ ಮುಂದೆ ಅತ್ತೆಯ ಕೈ ಬಂತು. ಹಸಿರು ಬಳೆ ಬಂತು. ಒದ್ದೆ ಅರಿಶಿನ ಮೆತ್ತಿದ ಬೆರಳುಗಳು ತಟ್ಟೆಯ ಮೇಲೆ ಬಾಗುವುದು ಬಂತು. ಒತ್ತುವ ಬೆರಳು ಮಾತ್ರ ಒಮ್ಮೆ ಒಂದಾಗಿ, ಇನ್ನೊಮ್ಮೆ ಇನ್ನೊಂದಾಗಿ ಕಂಡಿತು. ಖಚಿತವಾಗಿ ಗೊತ್ತಿಲ್ಲ ಎಂದೆ. ಇಬ್ಬರಲ್ಲಿ ಯಾರ ಪರವಾಗಿ ಹೇಳಿದ್ದರೂ ಆ ಗಳಿಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕುಂಕುಮಕ್ಕೆ ಕರೆದಿದ್ದ ಹೆಂಗಸರು ಬಂದರು. ನಾದಿನಿ ಕಣ್ಣೊರೆಸಿಕೊಂಡು, ಕವಚವನ್ನು ತಟ್ಟೆಯ ಖಾಲಿ ಜಾಗದಲ್ಲಿಟ್ಟು, ಬಾಗಿಲು ತೆರೆದಳು. ಪೂಜೆ ನಡೆಯಬೇಕಾದ ಹಾಗೆ ನಡೆಯಿತು. ಅರಿಶಿನ ಕುಂಕುಮ ಹಚ್ಚುವಾಗ ಅವಳು ನಾಣ್ಯಗಳಿಗೆ ಹಚ್ಚಿದಳು, ಬಳೆಗಳಿಗೆ ಹಚ್ಚಿದಳು. ಅವಳ ಕೈ ನೋಟಿನ ಹತ್ತಿರ ಬಂದು ಮುಂದಕ್ಕೆ ಹೋಯಿತು. ಎಲ್ಲರ ಜೊತೆ ಆರತಿ ಹಾಡು ಹೇಳಿದೆವು.

ಬಂದವರಲ್ಲಿ ಹಿರಿಯ ಹೆಂಗಸೊಬ್ಬರು ತಟ್ಟೆಯ ಕಡೆ ಬಾಗಿ ನೋಡಿದರು. "ಅಯ್ಯೋ, ಇಪ್ಪತ್ತೈದು ಡಾಲರ್ ನೋಟಾ? ಹೀಗೂ ಇತ್ತಾ? ಸರ್ಟಿಫಿಕೇಟ್ ಬೇರೆ ಇದೆ! ಎಷ್ಟು ಬೆಲೆ ಬಾಳತ್ತಪ್ಪ ಇದು?"

"ಇಪ್ಪತ್ತೈದು ಡಾಲರ್ ಆಂಟಿ," ಎಂದರು ನನ್ನ ಗಂಡ.

"ಜೋಕ್ ನೋಡು ಇವನದು," ಎಂದು ಆಂಟಿ ನಕ್ಕರು. ಉಳಿದವರೂ ನಕ್ಕರು.

ಎಲ್ಲರೂ ಹೋದ ಮೇಲೆ ನಾವು ಹೊರಟೆವು. ನಾದಿನಿ ನನಗೆ ತಾಂಬೂಲ ಕೊಟ್ಟಳು, ಒಬ್ಬಟ್ಟಿನ ಡಬ್ಬಿ ಕೊಟ್ಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಹೋಗಿ ಕವಚವನ್ನು ತಂದು ಅಣ್ಣನ ಕೈಗಿಟ್ಟಳು.

"ಇದು ನಿನ್ನ ಹತ್ರಾನೇ ಇರ್ಲಿ ಅಣ್ಣ."

"ಅಮ್ಮ ನಿನಗೆ ಅಂತ ಹೇಳಿದ್ಲು. ನಿನ್ನದು ಇದು."

"ಗೊತ್ತು. ನನ್ನ ಮನೇಲಿದ್ರೆ ದಿನಾ ನೋಡ್ಬೇಕಾಗತ್ತೆ." ಸಿಟ್ಟಿನ ದನಿಯಲ್ಲ. ಅವಳು ಅಣ್ಣನ ತೋಳು ಮುಟ್ಟಿದಳು. "ಹುಷಾರಾಗಿ ಹೋಗಿ. ಮನೆ ಸೇರಿದ ಮೇಲೆ ಮೆಸೇಜ್ ಮಾಡಿ."

ಎಂಆರ್‌ಟಿಯಲ್ಲಿ ಕೂರಲು ಜಾಗ ಸಿಕ್ಕಿತು. ನನ್ನ ಗಂಡ ತಾಂಬೂಲದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಕಿಟಕಿ ನೋಡುತ್ತಿದ್ದರು. ಕವಚ ಅವರ ಕುರ್ತಾದ ಜೇಬಿಗೆ ಹಿಡಿಸದೆ ಅರ್ಧ ಹೊರಗೆ ಕಾಣುತ್ತಿತ್ತು. ನಮ್ಮ ಸ್ಟೇಷನ್ ಹತ್ತಿರ ಬಂದಾಗ ತಿರುಗಿ ಕೇಳಿದರು.

"ಅವಳ ಮುಂದೆ ಬೇಡ ಅಂತ ಹಾಗಂದ್ಯಾ? ಈಗ ಹೇಳು. ಯಾವ ಬೆರಳು?"

"ನನಗೆ ನಿಜವಾಗ್ಲೂ ಗೊತ್ತಿಲ್ಲ ರೀ."

ಅವರು ತಲೆಯಾಡಿಸಿದರು. ಬಾಗಿಲು ತೆರೆಯಿತು, ಇಳಿದೆವು.